ನಕಲನ್ನು ಕೊಂಡವನ ಪಾಲು

ಕೊಡುವುದು ಕೊಳ್ಳುವುದು ಇಲ್ಲದೆ ಗೃಹಸ್ಥನ ಬಾಳು ಒಂದು ದಿನವಾದರೂ ಸಾಗಲಾರದು. ಆದುದರಿಂದಲೇ ನಮ್ಮ ಹಿರಿಯರು ಪೂಜೆಯ ಕೋಣೆಯ ಶುಚಿತ್ವವನ್ನು ಎಷ್ಟು ಎಚ್ಚರದಿಂದ ಕಾಯಬೇಕೆಂದರೋ ಅಷ್ಟೇ ಎಚ್ಚರದಿಂದ ಅಂಗಡಿಯ ಕಟ್ಟೆಯ ಶುಚಿತ್ವವನ್ನೂ ಕಾಯಬೇಕೆಂದು ಬೋಧಿಸಿದರು. ಚಿನ್ನಕ್ಕೆ ಒರೆಗಲ್ಲು, ಧಾನ್ಯಕ್ಕೆ ಕೊಳಗ, ಬೆಣ್ಣೆಗೆ ತಕ್ಕಡಿ, ನಾಣ್ಯಕ್ಕೆ ಸರಾಫನ ಬೆರಳು, ಹೀಗೆ ಒಂದೊಂದು ಸರಕಿಗೂ ಒಂದೊಂದು ಪರೀಕ್ಷೆ ಬಹುಕಾಲದಿಂದ ನಡೆದುಬಂದಿರುವುದು. ಕಾಲ ಬದಲಾದಂತೆ ಸರಕು ಬದಲಾಗುವುದು. ಸರಕು ಬದಲಾದಂತೆ ಕಪಟದ ವೇಷವೂ ಬದಲಾಗುವುದು. ಇಂದು ಅಂತರ್ಜಾಲದ ಪೇಟೆಯಲ್ಲಿ ಮುಖವನ್ನೇ ಕಾಣದ ಮಾರಾಟಗಾರನಿಂದ ಚಲನಚಿತ್ರದ ಡಿ.ವಿ.ಡಿ. ತಟ್ಟೆಗಳನ್ನು ಕೊಳ್ಳುವವರು ಎಷ್ಟೋ ವೇಳೆ ಖೋಟಾ ತಟ್ಟೆಗಳನ್ನು ಮನೆಗೆ ತರಿಸಿಕೊಳ್ಳುತ್ತಿರುವರು. ವಿಷಯವು ಅಲ್ಪವೆಂದು ತೋರಬಹುದು. ಆದರೆ ಅಲ್ಪ ವಿಷಯದಲ್ಲಿಯೇ ಮನಸ್ಸು ತನ್ನ ನಿಜವಾದ ನಡೆಯನ್ನು ತೋರಿಸಿಬಿಡುವುದರಿಂದ ಇದನ್ನು ಕುರಿತು ಕೊಂಚ ವಿಚಾರ ಮಾಡುವುದು ಅಪ್ರಸ್ತುತವಾಗಲಾರದು.

ಇತ್ತೀಚೆಗೆ ನಮ್ಮ ಪರಿಚಿತರಾದ ಗೃಹಸ್ಥರೊಬ್ಬರು ಒಂದು ಸಂದೇಹವನ್ನು ಹೊತ್ತು ಬಂದರು. ವಯಸ್ಸಿನಲ್ಲಿ ಎಪ್ಪತ್ತನ್ನು ಸಮೀಪಿಸಿದವರು; ಒಬ್ಬರ ಒಂದು ಕಾಸನ್ನೂ ಉಳಿಸಿಕೊಳ್ಳದವರು. ಅವರ ಮೊಮ್ಮಗನು ಶಾಲೆಯ ಪಾಠದಲ್ಲಿ ಆರ್. ಕೆ. ನಾರಾಯಣರ ಸ್ವಾಮಿಯ ಕಥೆಯನ್ನು ಓದಿ ಬಂದು ಬಹಳ ಉತ್ಸಾಹದಿಂದ ಹೇಳುತ್ತಿದ್ದನಂತೆ. ದೂರದರ್ಶನದಲ್ಲಿ ಪ್ರಸಾರವಾದ, ಶಂಕರ್ ನಾಗ್ ಅವರು ನಿರ್ದೇಶಿಸಿ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ತಾವು ಯೌವನದಲ್ಲಿ ಕಂಡು ಆನಂದಿಸಿದ್ದು ಅಜ್ಜನವರಿಗೆ ನೆನಪಾಯಿತು. ಮನೆಯಲ್ಲಿ ತಟ್ಟೆಯನ್ನು ಓಡಿಸುವ ಹಳೆಯ ಯಂತ್ರವೂ ಸುಸ್ಥಿತಿಯಲ್ಲಿತ್ತು. ಅಂತರ್ಜಾಲದಲ್ಲಿ ಹುಡುಕಿ, ಉಳಿದ ಮಾರಾಟಗಾರರು ಹೇಳುತ್ತಿದ್ದ ಬೆಲೆಯ ಮೂರನೆಯ ಒಂದು ಪಾಲಿಗೆ ಕೊಡುತ್ತೇನೆಂದ ಒಬ್ಬನಿಂದ ಇಡೀ ಕಟ್ಟನ್ನು ತರಿಸಿದರು.

ಕಟ್ಟು ಬಂದಿತು. ಚಿತ್ರವು ಓಡಿತು. ಮಗುವು ಒಂದು ಸಂಜೆ ನೋಡಿಯೂ ನೋಡಿತು. ಆದರೆ ತಟ್ಟೆಯ ಕೆಳಭಾಗವು ನೇರಳೆ ಬಣ್ಣದಲ್ಲಿರುವುದನ್ನೂ, ಪೆಟ್ಟಿಗೆಯ ಮೇಲಣ ಅಕ್ಷರಗಳು ಮಬ್ಬಾಗಿರುವುದನ್ನೂ ಕಂಡ ಮಗನು ಇದು ನಕಲೆಂದು ಹೇಳಿದನು. ಮಾರಿದವನಿಗೆ ಬರೆದು ಕೇಳಲಾಗಿ, ಅವನು ವಾದವನ್ನೇ ಮಾಡದೆ ಅಂದೇ ಹಣವನ್ನು ಹಿಂದಿರುಗಿಸಿ, ಸರಕನ್ನು ಕಳುಹಿಸುವ ತೊಂದರೆ ಬೇಡ, ನೀವೇ ಇಟ್ಟುಕೊಳ್ಳಿರಿ ಎಂದುಬಿಟ್ಟನು. ಹಣವೂ ಕೈಗೆ ಬಂದಿತು, ತಟ್ಟೆಯೂ ಮನೆಯಲ್ಲಿಯೇ ಉಳಿಯಿತು. ನೆರೆಯವರು ಇದು ಪುಣ್ಯವೆಂದರು. ಮಗನು, ನಾವು ಮೋಸ ಹೋದವರೇ ಹೊರತು ಮೋಸ ಮಾಡಿದವರಲ್ಲ, ಸುಮ್ಮನಿರೋಣ ಎಂದನು. ಮನೆಯ ಯಜಮಾನಿಯು ಮಾತ್ರ, ನಮ್ಮದಲ್ಲದ್ದು ನಮ್ಮ ಕಪಾಟಿನಲ್ಲಿ ಏಕಿರಬೇಕು ಎಂದು ಒಂದೇ ಮಾತನ್ನಾಡಿ ಒಳಗೆ ಹೋದರಂತೆ. ಈ ಮೂರು ಮಾತುಗಳಲ್ಲಿ ಯಾವುದು ಸರಿ ಎಂಬುದೇ ಅವರ ಪ್ರಶ್ನೆ.

ಉತ್ತರ ಹೇಳುವ ಮೊದಲು ಅಸಲಿ ಯಾವುದು, ನಕಲು ಯಾವುದು ಎಂಬುದನ್ನು ತಿಳಿಯಬೇಕು. ವಸ್ತುವಿನ ಜ್ಞಾನವಿಲ್ಲದೆ ಗುಣದೋಷದ ವಿವೇಚನೆ ಸಾಧ್ಯವಿಲ್ಲ.

ಡಿ.ವಿ.ಡಿ. ಎಂಬುದು 1996ರ ಕೊನೆಯಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ವಸ್ತು. 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪ, ಅದರಲ್ಲಿ 0.6 ಮಿಲಿಮೀಟರಿನ ಎರಡು ತೆಳುವಾದ ಬಿಲ್ಲೆಗಳನ್ನು ಬೆಸೆದಿರುವರು. ಕಾರ್ಖಾನೆಯಲ್ಲಿ ಮೊದಲು ಗಾಜಿನ ಮೂಲಪ್ರತಿಯೊಂದನ್ನು ಸಿದ್ಧಪಡಿಸಿ, ಅದರಿಂದ ಲೋಹದ ಅಚ್ಚನ್ನು ತೆಗೆದು, ಕರಗಿದ ಪಾಲಿಕಾರ್ಬೊನೇಟಿನ ಮೇಲೆ ಅದನ್ನು ಒತ್ತುವರು. ಹೀಗೆ ಒತ್ತಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳು ಮೂಡುವುವು. ಅವುಗಳ ಮೇಲೆ ಲೋಹದ ಲೇಪ ಬೀಳುವುದರಿಂದ ಕೆಳಭಾಗವು ಬೆಳ್ಳಿಯಂತೆ ಹೊಳೆಯುವುದು. ಎರಡು ಪದರಗಳಲ್ಲಿ ಚಿತ್ರವನ್ನು ತುಂಬಿದ್ದರೆ ಕೊಂಚ ಹೊಂಬಣ್ಣವೂ ತೋರುವುದು. ಒಂದು ಪದರದಲ್ಲಿ 4.7 ಗಿಗಾಬೈಟ್, ಎರಡು ಪದರಗಳಲ್ಲಿ ಸುಮಾರು 8.5 ಗಿಗಾಬೈಟ್ ಹಿಡಿಸುವುದು. ಮನೆಯ ಗಣಕಯಂತ್ರದಲ್ಲಿ ಬರೆಯುವ ತಟ್ಟೆಯಾದರೋ ಬೇರೆ ಬಗೆಯದು. ಅದರೊಳಗೆ ಒಂದು ಬಣ್ಣದ ಲೇಪವಿರುವುದು. ಕಿರಣವು ಆ ಬಣ್ಣವನ್ನು ಸುಡುತ್ತ ಬರೆಯುವುದು. ಆದುದರಿಂದಲೇ ಅದರ ಕೆಳಭಾಗ ನೇರಳೆಯಾಗಿಯೋ ನೀಲಿಯಾಗಿಯೋ ಕಾಣುವುದು. ಒಂದು ಅಚ್ಚಿನಿಂದ ಹುಟ್ಟಿದ್ದು, ಇನ್ನೊಂದು ಸುಟ್ಟು ಬರೆದದ್ದು. ಬಣ್ಣವು ಜನ್ಮವನ್ನು ಹೇಳುವುದು.

ಇದಲ್ಲದೆ ಇನ್ನೂ ಕೆಲವು ಲಕ್ಷಣಗಳುಂಟು. 1994ರಿಂದ ಈಚೆಗೆ ಕಾರ್ಖಾನೆಗಳ ತಟ್ಟೆಗಳಲ್ಲಿ, ನಡುವಿನ ರಂಧ್ರದ ಸುತ್ತಲಿನ ಉಂಗುರದಂತಹ ಭಾಗದಲ್ಲಿ, ಐ.ಎಫ್.ಪಿ.ಐ. ಎಂದು ಆರಂಭವಾಗುವ ಅತಿಸೂಕ್ಷ್ಮವಾದ ಸಂಕೇತಗಳನ್ನು ಮೂಡಿಸುವ ಪದ್ಧತಿ ಬಂದಿರುವುದು. ಒಂದು ಸಂಕೇತವು ಮೂಲಪ್ರತಿಯನ್ನು ಸಿದ್ಧಪಡಿಸಿದ ಯಂತ್ರವನ್ನೂ ಇನ್ನೊಂದು ಒತ್ತಿದ ಅಚ್ಚನ್ನೂ ಸೂಚಿಸುವುದು. ಭೂತಗನ್ನಡಿಯನ್ನು ಹಿಡಿದು ನೋಡಿದರೆ ಕಾಣುವುದು. ಅದು ಇಲ್ಲದಿದ್ದರೆ, ಅಥವಾ ಕೆರೆದು ಅಳಿಸಿದ ಗುರುತಿದ್ದರೆ, ಶಂಕೆಗೆ ಕಾರಣವುಂಟು. ಪೆಟ್ಟಿಗೆಯ ಮೇಲಣ ಮುದ್ರಣ ಮಸುಕಾಗಿರುವುದು, ಕಾಗುಣಿತ ತಪ್ಪಿರುವುದು, ಎರಡು ಪದರಗಳಲ್ಲಿರಬೇಕಾದುದನ್ನು ಒಂದರಲ್ಲಿ ಅದುಮಿ ತುಂಬಿದುದರಿಂದ ಚಿತ್ರವು ಚೂರುಚೂರಾಗಿ ಕಾಣುವುದು, ಅಡಿಯಲ್ಲಿ ಬರುವ ಅನುವಾದದ ಸಾಲುಗಳು ಅರ್ಥವಿಲ್ಲದಂತಿರುವುದು, ಇವೆಲ್ಲವೂ ಲಕ್ಷಣಗಳೇ. ನಮ್ಮ ದೇಶದ ಪ್ರಕಾಶನವಾದರೆ ಇನ್ನೂ ಒಂದು ಉತ್ತಮ ಪರೀಕ್ಷೆಯುಂಟು. 1957ರ ಕೃತಿಸ್ವಾಮ್ಯ ಕಾಯಿದೆಯ 52ಎ ಕಲಮಿನ ಪ್ರಕಾರ ಅಂತಹ ಚಿತ್ರವು ತೆರೆಯ ಮೇಲೆ ಓಡುವಾಗಲೂ ಅದರ ಪೆಟ್ಟಿಗೆಯ ಮೇಲೂ ತಯಾರಿಸಿದವನ ಹೆಸರು ವಿಳಾಸ, ಹಕ್ಕುದಾರನ ಹೆಸರು ವಿಳಾಸ, ಅನುಮತಿ ಪಡೆದಿರುವ ಬಗ್ಗೆ ಹೇಳಿಕೆ ಇವು ಇರಲೇಬೇಕು. ಪ್ರದರ್ಶನಕ್ಕೆ ಪ್ರಮಾಣಪತ್ರ ಬೇಕಾದ ಚಲನಚಿತ್ರವಾದರೆ ಆ ಪ್ರಮಾಣಪತ್ರದ ನಕಲೂ ಇರಬೇಕು. ಹೆಸರಿಲ್ಲದ ತಟ್ಟೆ ಎಂದರೆ ತಂದೆಯ ಹೆಸರನ್ನು ಹೇಳಲಾರದ ತಟ್ಟೆ.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ನೇರಳೆ ಬಣ್ಣವನ್ನು ಕಂಡೊಡನೆ ಖೋಟಾ ಎಂದು ತೀರ್ಮಾನಿಸಬಾರದು. ಅಮೆರಿಕದ ವಾರ್ನರ್ ಸಂಸ್ಥೆಯವರು 2009ರಲ್ಲಿ ತಮ್ಮ ಹಳೆಯ ಚಿತ್ರಗಳನ್ನು, ಬೇಡಿಕೆ ಬಂದಾಗ ಮಾತ್ರ ಒಂದೊಂದಾಗಿ ಬರೆದುಕೊಡುವ ವ್ಯವಸ್ಥೆಯನ್ನು ಆರಂಭಿಸಿದರು. ಆ ತಟ್ಟೆಗಳು ಬರೆದವುಗಳು. ಆದರೂ ಅಸಲಿಯೇ ಹೌದು. ಇನ್ನೊಂದು ಕಡೆ ಕಳ್ಳ ಕಾರ್ಖಾನೆಗಳಲ್ಲಿ ಒತ್ತಿದ ಬೆಳ್ಳಿಯ ಬಣ್ಣದ ಖೋಟಾ ತಟ್ಟೆಗಳೂ ಇರುವುವು. ಅಂತೆಯೇ ಜಗತ್ತನ್ನು ವಲಯಗಳಾಗಿ ವಿಂಗಡಿಸಿ, ಭಾರತಕ್ಕೆ 5, ಅಮೆರಿಕಕ್ಕೆ 1, ಯೂರೋಪಿಗೆ 2 ಎಂದು ತಟ್ಟೆಗಳಿಗೆ ಸಂಖ್ಯೆಗಳನ್ನು ನಿಯಮಿಸಿರುವರು. ಅಮೆರಿಕದ ದೊಡ್ಡ ಸಂಸ್ಥೆಯ ಚಿತ್ರವು ಎಲ್ಲ ವಲಯಗಳಲ್ಲಿಯೂ ಓಡುವುದೆಂದು ಮಾರಾಟಗಾರ ಹೇಳಿದರೆ ಸಂಶಯಪಡಬೇಕು. ಭಾರತೀಯ ಪ್ರಕಾಶಕರಾದರೋ ತಾವಾಗಿಯೇ ಎಲ್ಲ ವಲಯಗಳಿಗೂ ಹೊಂದುವ ತಟ್ಟೆಗಳನ್ನು ಹೊರಡಿಸುವುದು ವಾಡಿಕೆ. ತರ್ಕಶಾಸ್ತ್ರದಲ್ಲಿ ಇಂತಹ ಹೇತುವನ್ನು ಅನೈಕಾಂತಿಕವೆನ್ನುವರು. ಸಾಧ್ಯವಿಲ್ಲದ ಕಡೆಯೂ ಅದು ಹೋಗಿ ನಿಲ್ಲುವುದು. ಆದುದರಿಂದ ಒಂದು ಲಕ್ಷಣವನ್ನು ಹಿಡಿದು ಯಾರನ್ನೂ ಕಳ್ಳನೆನ್ನಲಾಗದು. ಹಲವು ಲಕ್ಷಣಗಳು ಒಂದೆಡೆ ಕೂಡಿದಾಗಲೇ ನಿಶ್ಚಯವುಂಟಾಗುವುದು.

ತಟ್ಟೆ ಕೈಗೆ ಬಂದಮೇಲಣ ಪರೀಕ್ಷೆ ಇದು. ಕೊಳ್ಳುವ ಮೊದಲೇ ಕಾಣುವ ಲಕ್ಷಣಗಳು ಬೇರೆ. ಮುದ್ರಣ ನಿಂತುಹೋದ ಕಟ್ಟು ಹೊಚ್ಚ ಹೊಸದಾಗಿ, ಬೇಕಾದಷ್ಟು ಸಂಖ್ಯೆಯಲ್ಲಿ ಒಬ್ಬನಲ್ಲಿಯೇ ಸಿಗುವುದು. ತನ್ನ ಕೈಯಲ್ಲಿರುವ ವಸ್ತುವಿನ ಚಿತ್ರವನ್ನು ತೋರಿಸದೆ ಬೇರೆಡೆಯ ಚಿತ್ರವನ್ನು ತೋರಿಸುವುದು. ಮಾರುವವನ ವಿಳಾಸ ಸ್ಪಷ್ಟವಾಗಿಲ್ಲದಿರುವುದು. ಎಲ್ಲಕ್ಕಿಂತ ಮಿಗಿಲಾಗಿ, ಬೆಲೆಯು ನ್ಯಾಯವಾದ ಬೆಲೆಯ ಹತ್ತಿರವೂ ಸುಳಿಯದಿರುವುದು. ಈ ಕೊನೆಯ ಲಕ್ಷಣವನ್ನು ತಿಳಿಯಲು ಭೂತಗನ್ನಡಿ ಬೇಕಾಗಿಲ್ಲ. ಇದನ್ನು ಮುಂದೆ ನೆನೆಯಬೇಕಾಗಿರುವುದರಿಂದ ಇಲ್ಲಿ ಸೂಚಿಸಿ ಬಿಟ್ಟಿರುವೆವು.

ಇನ್ನು ರಾಜಶಾಸನವು ಏನು ಹೇಳುವುದೆಂಬುದನ್ನು ನೋಡೋಣ. ಮೇಲೆ ಹೇಳಿದ ಕಾಯಿದೆಯ 51ನೆಯ ಕಲಮು ನಕಲುಗಳನ್ನು ಮಾರುವುದಕ್ಕಾಗಿ ಮಾಡುವವನನ್ನು, ಮಾರುವವನನ್ನು, ಹಂಚುವವನನ್ನು, ಸಾರ್ವಜನಿಕವಾಗಿ ಪ್ರದರ್ಶಿಸುವವನನ್ನು, ಆಮದು ಮಾಡಿಕೊಳ್ಳುವವನನ್ನು ಹೆಸರಿಸಿ ದೋಷಿಯೆನ್ನುವುದು. 63ನೆಯ ಕಲಮು ತಿಳಿದು ಮಾಡಿದ ಉಲ್ಲಂಘನೆಗೆ ಮೂರು ವರ್ಷಗಳವರೆಗೆ ಸೆರೆಮನೆಯ ಶಿಕ್ಷೆಯನ್ನೂ ಎರಡು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುವುದು. ನಮ್ಮ ಕರ್ನಾಟಕದಲ್ಲಂತೂ ಗೂಂಡಾ ಕಾಯಿದೆಯೆಂದು ಜನರು ಕರೆಯುವ 1985ರ ಶಾಸನದ ಹೆಸರಿನಲ್ಲಿಯೇ ಚಿತ್ರ ಮತ್ತು ಧ್ವನಿಯ ಚೋರರನ್ನೂ ಸೇರಿಸಿರುವರು. ಆದರೆ ತನ್ನ ಮನೆಯಲ್ಲಿ ನೋಡುವುದಕ್ಕಾಗಿ ಪೇಟೆಯಲ್ಲಿ ಒಂದು ಪ್ರತಿಯನ್ನು ಕೊಂಡವನನ್ನು 51ನೆಯ ಕಲಮು ಹೆಸರಿಸಿಲ್ಲ. ಇದನ್ನು ಹಿಡಿದು, ಹಾಗಾದರೆ ಕೊಳ್ಳುವುದು ತಪ್ಪಲ್ಲವೆಂದು ಹೇಳುವವರುಂಟು. ರಾಜನು ದಂಡಿಸದೆ ಬಿಟ್ಟದ್ದೆಲ್ಲವೂ ಧರ್ಮವೆಂದಾದರೆ, ಹಸಿದವನ ಎದುರಿಗೆ ಬಾಗಿಲು ಮುಚ್ಚುವುದೂ ಧರ್ಮವಾಗಬೇಕಾಗುವುದು. ಶಾಸನವು ಕಾಯುವುದು ಊರಿನ ಎಲ್ಲೆಯನ್ನು. ಮನಸ್ಸಿನ ಎಲ್ಲೆಯನ್ನು ಅವರವರೇ ಕಾಯಬೇಕು.

ಇಲ್ಲಿ ಕೊಳ್ಳುವವರ ಪಕ್ಷದಿಂದ ಬರುವ ಆಕ್ಷೇಪಗಳನ್ನು ಒಂದೊಂದಾಗಿ ಪರಿಶೀಲಿಸುವುದು ಯುಕ್ತವಾಗಿದೆ.

ಮೊದಲನೆಯ ಆಕ್ಷೇಪವು ಬಲವಾದುದು. ದೀಪದಿಂದ ದೀಪವನ್ನು ಹಚ್ಚಿದರೆ ಮೊದಲಿನ ದೀಪದ ಬೆಳಕು ಕುಂದುವುದಿಲ್ಲ. ಗ್ರಂಥವನ್ನು ಪ್ರತಿಮಾಡುವುದು ನಮ್ಮ ನಾಡಿನಲ್ಲಿ ಪುಣ್ಯಕಾರ್ಯವೆನಿಸಿತ್ತು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ನಾಡೆಲ್ಲ ಕೊಂಡಾಡುವುದು. ಓಲೆಯನ್ನು ಪ್ರತಿಮಾಡಿದವಳು ಪುಣ್ಯವತಿಯಾದರೆ, ತಟ್ಟೆಯನ್ನು ಪ್ರತಿಮಾಡಿದವನು ಪಾಪಿಯಾಗುವುದು ಹೇಗೆ ಎಂದು ಕೇಳಬಹುದು.

ಈ ಆಕ್ಷೇಪಕ್ಕೆ ಸಮಾಧಾನವಿಂತು. ಅತ್ತಿಮಬ್ಬೆಯು ತನ್ನ ಹಣವನ್ನು ವೆಚ್ಚಮಾಡಿ ಲಿಪಿಕಾರರಿಂದ ಬರೆಯಿಸಿದಳು, ಬರೆಯಿಸಿದುದನ್ನು ದಾನವಾಗಿ ಕೊಟ್ಟಳು, ಕವಿಯ ಕೀರ್ತಿಯನ್ನು ಹೆಚ್ಚಿಸಿದಳು. ಅಂದಿನ ಲಿಪಿಕಾರನೂ ಓಲೆಯ ಕೊನೆಯಲ್ಲಿ ತನ್ನ ಹೆಸರನ್ನು ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಓದುಗರನ್ನು ಬೇಡಿಕೊಳ್ಳುವುದು ರೂಢಿಯಲ್ಲಿತ್ತು. ಅಂದರೆ ಪ್ರತಿಯು ತಾನು ಪ್ರತಿಯೆಂದು ಒಪ್ಪಿಕೊಂಡಿತ್ತು. ಖೋಟಾ ತಟ್ಟೆಯ ನಡೆಯು ಇದಕ್ಕೆ ತೀರ ವಿರುದ್ಧವಾದುದು. ಅದು ತನ್ನನ್ನು ಮಾಡಿದವನ ಹೆಸರನ್ನು ಮುಚ್ಚಿಟ್ಟು ಬೇರೊಬ್ಬನ ಹೆಸರನ್ನು ಹಣೆಗೆ ಬರೆದುಕೊಳ್ಳುವುದು. ಇಲ್ಲದ ಅನುಮತಿಯನ್ನು ಇರುವುದೆಂದು ತೋರಿಸುವುದು. ದಾನವಾಗಿ ಬಾರದೆ ಬೆಲೆಯನ್ನು ಕೇಳುವುದು. ಆ ಬೆಲೆಯೂ ದುಡಿದವರಿಗೆ ಸಲ್ಲದಂತೆ ನಡುವೆಯೇ ತಡೆಯುವುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ, ಅಸಲಿಯಲ್ಲದುದನ್ನು ಅಸಲಿಯೆಂದು ಸುಳ್ಳಾಗಿ ಹೇಳಿದರೆ ಅದೇ ನಕಲಿ ಸರಕು ಎಂಬರ್ಥದಲ್ಲಿ ಲಕ್ಷಣವನ್ನು ಹೇಳಿರುವುದು. ದೋಷದ ಬೇರು ಪ್ರತಿಮಾಡುವ ಕ್ರಿಯೆಯಲ್ಲಿಲ್ಲ, ಅದರೊಡನೆ ಸೇರಿದ ಸುಳ್ಳಿನಲ್ಲಿಯೂ ಅಪಹಾರದಲ್ಲಿಯೂ ಇದೆ. ಸ್ವಾಮಿಯ ಕಥೆಯನ್ನು ಚಿತ್ರಿಸುವಾಗ ವೇಷವನ್ನು ಹೊಲಿದವನು, ಮರದ ಕೆಲಸವನ್ನು ಮಾಡಿದವನು, ಮಳೆಯಲ್ಲಿ ದೀಪವನ್ನು ಹಿಡಿದು ನಿಂತವನು, ಇವರೆಲ್ಲರೂ ಕಾಯಕದವರೇ. ಅವರಿಗೆ ಅಂದೇ ಕೂಲಿ ಸಂದಿತಲ್ಲವೇ ಎಂದರೆ, ಸಂದಿರಬಹುದು. ಆದರೆ ಇಂದಿನ ಫಲವು ಮೂಲಕ್ಕೆ ಹಿಂದಿರುಗಿದರೆ ಮಾತ್ರ ನಾಳೆ ಅಂತಹ ಇನ್ನೊಂದು ಕೆಲಸಕ್ಕೆ ಕೂಲಿ ಹುಟ್ಟುವುದು. ಹಳ್ಳದ ನೀರನ್ನು ನಡುವೆ ಕದ್ದು ತಿರುಗಿಸಿಕೊಂಡವನು, ಮೇಲಿನ ಕೆರೆಯೇನೂ ಬತ್ತಲಿಲ್ಲವೆಂದು ಹೇಳಿದರೆ ಕೆಳಗಿನ ಗದ್ದೆಯವನಿಗೆ ಅದು ಉತ್ತರವಾಗುವುದೇ?

ಎರಡನೆಯ ಆಕ್ಷೇಪ: ಚಿತ್ರವನ್ನು ಮಾಡುವವರು ಸಿರಿವಂತರು, ನಾವು ಬಡವರು, ಅಸಲಿಯ ಬೆಲೆಯನ್ನು ನಮ್ಮಿಂದ ಕೊಡಲಾಗದು. ಈ ಮಾತಿನಲ್ಲಿ ಒಂದು ಕಾಲಕ್ಕೆ ಸತ್ಯಾಂಶವಿದ್ದಿತು. ಆದರೆ 2007ರ ಸುಮಾರಿಗೆ ಮೋಸರ್ ಬೇರ್ ಎಂಬ ಭಾರತೀಯ ಸಂಸ್ಥೆಯು ಅನುಮತಿ ಪಡೆದ ಚಿತ್ರಗಳ ವಿ.ಸಿ.ಡಿ.ಗಳನ್ನು 28 ರೂಪಾಯಿಗೂ ಡಿ.ವಿ.ಡಿ.ಗಳನ್ನು 34 ರೂಪಾಯಿಗೂ ಮಾರಲಾರಂಭಿಸಿತು. ಬೀದಿಯ ಬದಿಯ ನಕಲಿನ ಬೆಲೆಗೇ ಅಸಲಿಯು ಬಂದು ನಿಂತಿತು. ಅನೇಕರು ಸಂತೋಷದಿಂದ ಕೊಂಡರು. ಆದರೂ ಖೋಟಾ ತಟ್ಟೆಗಳ ವ್ಯಾಪಾರ ನಿಲ್ಲಲಿಲ್ಲ. ಇದರಿಂದ ತಿಳಿಯುವುದೇನು? ಬಡತನವು ಕೆಲವರಿಗೆ ನಿಜವಾದ ಕಾರಣವಾಗಿದ್ದಿತು, ಇನ್ನು ಕೆಲವರಿಗೆ ಹೊದಿಕೆಯಾಗಿದ್ದಿತು. ಮೇಲಾಗಿ, ಚಿತ್ರವನ್ನು ನೋಡುವುದು ಅನ್ನದಂತೆ ಪ್ರಾಣಧಾರಣೆಗೆ ಬೇಕಾದುದಲ್ಲ. ಹಸಿದ ತಾಯಿ ಮಗುವಿಗಾಗಿ ಮುಷ್ಟಿ ಧಾನ್ಯವನ್ನು ತೆಗೆದುಕೊಂಡದ್ದನ್ನೂ, ಉಂಡು ಕುಳಿತವನು ವಿನೋದಕ್ಕಾಗಿ ತೆಗೆದುಕೊಂಡದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮೂರನೆಯ ಆಕ್ಷೇಪ: ಅಸಲಿಯು ಎಲ್ಲಿಯೂ ದೊರೆಯದಿದ್ದರೆ ಮಾಡುವುದೇನು? ಇದು ಸುಲಭವಾದ ಪ್ರಶ್ನೆಯಲ್ಲ. ತಟ್ಟೆಗಳ ಕಾಲವೇ ಕಳೆಯುತ್ತಿರುವುದು. ಅಂಚೆಯ ಮೂಲಕ ತಟ್ಟೆಗಳನ್ನು ಬಾಡಿಗೆಗೆ ಕೊಡುವುದರಿಂದ 1998ರಲ್ಲಿ ಆರಂಭವಾದ ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆಯು 2023ರ ಸೆಪ್ಟೆಂಬರಿನಲ್ಲಿ ಆ ಕೆಲಸವನ್ನು ಮುಗಿಸಿಬಿಟ್ಟಿತು. ಹೊಸದಾಗಿ ಒತ್ತುವವರು ಕಡಿಮೆಯಾದಂತೆ, ಬೇಕೆನ್ನುವವರ ಆಸೆಯನ್ನು ಕಳ್ಳರು ಬಳಸಿಕೊಳ್ಳುವರು. ಇಂತಹ ಸಂದರ್ಭದಲ್ಲಿಯೂ ಶುದ್ಧವಾದ ದಾರಿಗಳು ಇಲ್ಲದಿಲ್ಲ. ಒಬ್ಬರು ನೋಡಿ ಮುಗಿಸಿದ ಅಸಲಿ ತಟ್ಟೆಯನ್ನು ಎರಡನೆಯ ಕೈಯಿಂದ ಕೊಳ್ಳಬಹುದು. ಅದರ ಫಲವು ಮೊದಲೇ ಮೂಲಕ್ಕೆ ಸಂದಿರುವುದು. ಗ್ರಂಥಾಲಯದಿಂದ ಪಡೆಯಬಹುದು. ಚಲನಚಿತ್ರದ ಸ್ವಾಮ್ಯವು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷಗಳವರೆಗೆ ಮಾತ್ರ ನಮ್ಮ ಕಾಯಿದೆಯಲ್ಲಿ ಉಳಿಯುವುದು. ಆ ಅವಧಿ ಕಳೆದ ಚಿತ್ರವು ಎಲ್ಲರ ಸೊತ್ತಾಗುವುದು. ಈ ದಾರಿಗಳಾವುವೂ ತೆರೆದಿಲ್ಲದಿದ್ದರೆ, ಕಾಯುವುದು ಅಥವಾ ಇಲ್ಲದೆ ಇರುವುದು ಉಳಿದ ದಾರಿ. ಬೇಕಾದುದು ಸಿಕ್ಕಲೇಬೇಕೆಂಬ ಹಟವು ಈ ಕಾಲದ ರೋಗ. ಇಲ್ಲದಿರುವುದನ್ನು ಸಹಿಸುವ ಶಕ್ತಿಯೂ ಒಂದು ಸಂಪತ್ತೆಂಬುದನ್ನು ನಾವು ಮರೆತಂತೆ ತೋರುವುದು.

ಕೊನೆಯ ಆಕ್ಷೇಪವೇ ನಮ್ಮ ಗೃಹಸ್ಥರ ಮಗನು ಹೇಳಿದುದು. ನಮಗೆ ತಿಳಿಯದು, ತಿಳಿಯದವನಿಗೆ ದೋಷವಿಲ್ಲ.

ಈ ಮಾತನ್ನು ನಾವು ಪೂರ್ಣವಾಗಿ ಒಪ್ಪುವೆವು, ಅದು ನಿಜವಾಗಿದ್ದರೆ. ಕೊಳ್ಳುವವರಲ್ಲಿ ಮೂರು ಬಗೆಯವರಿರುವರು. ಅರಿಯದೆ ಕೊಂಡವನೊಬ್ಬ, ನ್ಯಾಯವಾದ ಬೆಲೆಯನ್ನು ಕೊಟ್ಟು, ವಿಳಾಸವನ್ನು ನೋಡಿ, ನಂಬಿ ಮೋಸಹೋದವನು. ಅವನಲ್ಲಿ ಕಳಂಕವಿಲ್ಲ. ಅರಿತು ಕೊಂಡವನಿನ್ನೊಬ್ಬ, ಅವನ ದೋಷವನ್ನು ವಿವರಿಸಬೇಕಾಗಿಲ್ಲ, ಅವನಿಗೇ ಗೊತ್ತಿರುವುದು. ಮೂರನೆಯವನು ಅರಿಯಲೊಲ್ಲದವನು. ಬೆಲೆಯನ್ನು ಕಂಡಾಗಲೇ ಅವನ ಮನಸ್ಸಿನಲ್ಲಿ ಒಂದು ಮುಳ್ಳು ಆಡಿರುವುದು. ಕೇಳಿದರೆ ತಿಳಿದುಬಿಡುವುದೆಂದು ಅವನು ಕೇಳುವುದಿಲ್ಲ. ನೋಡಿದರೆ ಕಂಡುಬಿಡುವುದೆಂದು ನೋಡುವುದಿಲ್ಲ. ಕಣ್ಣಿಗೆ ತಾನೇ ಬಟ್ಟೆಯನ್ನು ಕಟ್ಟಿಕೊಂಡು, ಆಮೇಲೆ ನಾನು ಕುರುಡನೆಂದು ಕರುಣೆಯನ್ನು ಬೇಡುವನು. ಪ್ರಾಮಾಣಿಕರೆನಿಸಿಕೊಂಡ ನಮ್ಮಲ್ಲಿ ಬಹುಮಂದಿ ಈ ಮೂರನೆಯ ಪಂಕ್ತಿಯಲ್ಲಿ ಕುಳಿತಿರುವೆವು.

ಆಶ್ಚರ್ಯವೆಂದರೆ ರಾಜಶಾಸನವೂ ಈ ಸೂಕ್ಷ್ಮವನ್ನು ಗುರುತಿಸಿರುವುದು. ಕೃತಿಸ್ವಾಮ್ಯ ಕಾಯಿದೆಯ 58ನೆಯ ಕಲಮು, ಹಕ್ಕಿಲ್ಲದೆ ಮಾಡಿದ ಪ್ರತಿಗಳು ಹಕ್ಕುದಾರನ ಸೊತ್ತೇ ಎಂದು ಭಾವಿಸತಕ್ಕದ್ದೆಂದು ಹೇಳುವುದು. ಅವುಗಳನ್ನು ವಶಕ್ಕೆ ಪಡೆಯಲು ಅವನು ದಾವೆಯನ್ನು ಹೂಡಬಹುದು. ಎದುರಾಳಿಯಿಂದ ನಷ್ಟಪರಿಹಾರವನ್ನು ಕೇಳುವ ಪ್ರಸಂಗ ಬಂದಾಗ ಮಾತ್ರ, ಇದು ನಿರ್ದೋಷವಾದ ಪ್ರತಿಯೆಂದು ನಂಬುವುದಕ್ಕೆ ಅವನಿಗೆ ಸಮಂಜಸವಾದ ಕಾರಣವಿದ್ದಿತೇ ಎಂದು ಶಾಸನವು ವಿಚಾರಿಸುವುದು. ನಂಬಿದ್ದೆ ಎಂದರೆ ಸಾಲದು, ನಂಬುವುದಕ್ಕೆ ಆಧಾರವಿರಬೇಕು. ನ್ಯಾಯಾಲಯವು ಕೇಳುವ ಈ ಪ್ರಶ್ನೆಯನ್ನು ಗೃಹಸ್ಥನು ತನ್ನ ಅಂತಃಸಾಕ್ಷಿಯ ಎದುರಿನಲ್ಲಿ ತಾನೇ ಕೇಳಿಕೊಳ್ಳಬೇಡವೇ?

ಇಲ್ಲಿ ಆಯ್ದಕ್ಕಿ ಮಾರಯ್ಯನ ಕಥೆಯನ್ನು ನೆನೆಯದಿರಲಾಗದು. ಕಲ್ಯಾಣದಲ್ಲಿ ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಅವನು ಕದ್ದಿರಲಿಲ್ಲ, ಯಾರೂ ಅವನನ್ನು ತಡೆದಿರಲೂ ಇಲ್ಲ. ಆದರೂ ಲಕ್ಕಮ್ಮನು ಆ ಹೆಚ್ಚಳವನ್ನು ಕಂಡೊಡನೆ ಅದರ ಹಿಂದಿರುವ ಆಸೆಯನ್ನೂ ಕಂಡಳು. ನಮಗೆ ಬೇಕಾದಷ್ಟು ಉಳಿಸಿ ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಅಳತೆಯನ್ನು ನೋಡಿಯೇ ಮನಸ್ಸನ್ನು ಅರಿಯುವ ಕಣ್ಣು ಅದು. ನಮ್ಮ ಕಾಲದ ಅಗ್ಗದ ಬೆಲೆಯೂ ಅಂತಹುದೇ ಒಂದು ಹೆಚ್ಚಳ. ಮೂರು ಪಾಲಿನ ವಸ್ತು ಒಂದು ಪಾಲಿಗೆ ಬಂದಾಗ, ಉಳಿದ ಎರಡು ಪಾಲನ್ನು ಯಾರು ಕಳೆದುಕೊಂಡರೆಂದು ಕೇಳುವವನು ವಿವೇಕಿ. ಆ ಎರಡು ಪಾಲು ತನಗೆ ಲಾಭವೆಂದು ಎಣಿಸುವವನು ಮಾರಯ್ಯನ ಅಂದಿನ ಚೀಲವನ್ನು ಹೊತ್ತವನು.

ಇಷ್ಟು ವಿಚಾರಿಸಿದ ಮೇಲೆ ಕರ್ತವ್ಯವೇನೆಂಬುದು ತಾನಾಗಿಯೇ ಸ್ಪಷ್ಟವಾಗುವುದು. ನಕಲೆಂದು ತಿಳಿದುಬಂದ ತಟ್ಟೆಯನ್ನು ಮತ್ತೊಬ್ಬರಿಗೆ ಮಾರಬಾರದು. ಮಾರಿದರೆ ಮೋಸಹೋದವನೇ ಮೋಸಗಾರನಾಗುವನು, ಶಾಸನದ ಕೈಗೂ ಸಿಕ್ಕುವನು. ಯಾರಿಗೂ ಉಡುಗೊರೆಯಾಗಿ ಕೊಡಬಾರದು. ತನ್ನದಲ್ಲದುದನ್ನು ದಾನಮಾಡುವ ಅಧಿಕಾರ ಯಾರಿಗೂ ಇಲ್ಲ. ಮಾರಿದವನಿಂದ ಹಣವನ್ನು ಹಿಂದಕ್ಕೆ ಪಡೆಯುವುದು ನ್ಯಾಯ. 2020ರ ವಿದ್ಯುನ್ಮಾನ ವಾಣಿಜ್ಯ ನಿಯಮಗಳ ಪ್ರಕಾರ ನಕಲಿ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರನು ನಿರಾಕರಿಸುವಂತಿಲ್ಲ. ಮಾರಾಟಕ್ಕೆ ತಾಣವನ್ನು ಒದಗಿಸಿದ ಸಂಸ್ಥೆಯು ಮಾರುವವರ ಹೆಸರು ವಿಳಾಸಗಳನ್ನು ಪ್ರಕಟಿಸಬೇಕು. ಅದರ ದೂರು ಅಧಿಕಾರಿಯು 48 ಗಂಟೆಗಳೊಳಗೆ ದೂರು ತಲುಪಿದುದನ್ನು ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ತಿಳಿಸಬಹುದು. ಹಣ ಬಂದಿತೆಂದು ಸುಮ್ಮನಾಗುವುದು ಅರ್ಧ ಕೆಲಸ. ತಕ್ಷಣವೇ ಹಣವನ್ನು ಕೊಟ್ಟು ಬಾಯಿ ಮುಚ್ಚಿಸುವುದೇ ಅಂತಹ ಮಾರಾಟಗಾರನ ಉಪಾಯ. ದೂರಿದವನೊಬ್ಬನಿಗೆ ಹಿಂದಿರುಗಿಸಿ, ದೂರದ ಹತ್ತು ಮಂದಿಯಿಂದ ಗಳಿಸುವನು. ಆದುದರಿಂದ ತಿಳಿದವನು ತಿಳಿಸಬೇಕು. ಮುಂದೆ ಬರುವವನು ಬೀಳದಂತೆ ದಾರಿಯ ಗುಂಡಿಗೆ ಮುಳ್ಳಿನ ಕೊಂಬೆಯನ್ನು ನೆಡುವುದು ಹಳ್ಳಿಯಲ್ಲಿಯೂ ಉಂಟಷ್ಟೆ.

ಇನ್ನು ಕಪಾಟಿನಲ್ಲಿ ಉಳಿದ ತಟ್ಟೆಯ ಮಾತು. ಇಟ್ಟುಕೊಳ್ಳಿರೆಂದು ಹೇಳಿದವನಿಗೆ ಹಾಗೆ ಹೇಳುವ ಹಕ್ಕೇ ಇರಲಿಲ್ಲ. ಕಳ್ಳನು ಕೊಟ್ಟ ಬಳುವಳಿಯು ಬಳುವಳಿಯಾಗದು. ಆದುದರಿಂದ ಮನೆಯ ಯಜಮಾನಿಯು ಆಡಿದ ಮಾತೇ ಸಿದ್ಧಾಂತವೆಂದು ನಾವು ಹೇಳಿದೆವು. ದೂರಿಗೆ ಸಾಕ್ಷಿಯಾಗಿ ಬೇಕಾಗುವಷ್ಟು ದಿನ ಇಟ್ಟು, ಆಮೇಲೆ ಯಾರ ಕೈಗೂ ಸೇರದಂತೆ ಮುರಿದು ಹಾಕುವುದು ಲೇಸು.

ಆ ಗೃಹಸ್ಥರು ಹಾಗೆಯೇ ಮಾಡಿದರು. ದೂರನ್ನು ಬರೆದರು, ಅದು ಮುಗಿದ ಮೇಲೆ ಒಂದು ಭಾನುವಾರ ತಟ್ಟೆಗಳನ್ನು ಮುರಿದರು. ಮೊಮ್ಮಗನು ಪಕ್ಕದಲ್ಲಿಯೇ ನಿಂತು ನೋಡುತ್ತಿದ್ದನಂತೆ. ಮಗುವಿಗೆ ದುಃಖವಾಗಿದ್ದುದು ಸಹಜ. ಕಥೆಯು ಅರ್ಧಕ್ಕೆ ನಿಂತಿತ್ತು. ಅಜ್ಜನವರು ಕಾರಣವನ್ನೆಲ್ಲ ತಿಳಿಸಿ ಹೇಳಿದರು. ಎಲ್ಲವನ್ನೂ ಕೇಳಿದ ಹುಡುಗನು, “ಅಜ್ಜಾ, ಕೊಳ್ಳುವಾಗ ನಿನಗೆ ಗೊತ್ತಿರಲಿಲ್ಲೇನು?” ಎಂದನು. ಅವರು ಕೂಡಲೇ ಉತ್ತರ ಕೊಡಲಾರದೆ ಹೋದರು. ಸ್ವಲ್ಪ ಹೊತ್ತಿನ ಮೇಲೆ, “ಅರ್ಧ ಗೊತ್ತಿತ್ತಪ್ಪಾ” ಎಂದರಂತೆ.

ಇದನ್ನು ನಮಗೆ ಹೇಳುವಾಗ ಅವರ ಕಣ್ಣು ತೇವವಾಗಿದ್ದಿತು. ಈ ವಿಚಾರದಲ್ಲಿ ನಾವು ಬರೆದ ಇಷ್ಟುದ್ದದ ಮಾತಿಗಿಂತ ಆ ಎರಡು ಪದಗಳೇ ಹೆಚ್ಚು ತೂಕದವೆಂದು ನಮಗೆ ತೋರಿತು. ಹಿರಿಯರೊಬ್ಬರು ಮಗುವಿನ ಎದುರಿನಲ್ಲಿ ತಮ್ಮ ಅರ್ಧವನ್ನು ಒಪ್ಪಿಕೊಂಡರು. ಆ ಮನೆಯಲ್ಲಿ ಮುಂದೆ ಬರುವ ಯಾವ ಅಗ್ಗದ ಸರಕೂ ಆ ಮಾತನ್ನು ದಾಟಿಯೇ ಒಳಗೆ ಬರಬೇಕಾಗುವುದು. ವಾಚಕ ಮಹಾಶಯರೂ ಇನ್ನು ಮುಂದೆ ಬೆಲೆಯನ್ನು ನೋಡಿ ಕೈ ಮುಂದೆ ಹೋಗುವಾಗ ಒಂದು ಕ್ಷಣ ತಡೆದು, ನನಗೆ ಎಷ್ಟು ಗೊತ್ತಿದೆ ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವವರಾದರೆ ಈ ಲೇಖನದ ಶ್ರಮವು ಸಾರ್ಥಕವಾಗುವುದು.